ಅಪ್ಪ ಹೊಲಿದ ಪಾನಾ ಚೀಲ

ನಾನು ಬೇಗ ಹೌಹಾರುವ ಮನುಷ್ಯ. ಹಾವು ಕಂಡರೆ ಎಲ್ಲರೂ ಬೆಚ್ಚುತ್ತಾರೆ, ನಾನು ಹಗ್ಗ ಕಂಡರೂ ಒಂದು ಹೆಜ್ಜೆ ಹಿಂದೆ ಸರಿಯುತ್ತೇನೆ. ಅಂಥವನ ಕೈಗೆ ಎಂಬತ್ತರ ದಶಕದ ನಡುವಿನಲ್ಲಿ ಒಂದು ಹಳೆಯ ಮೋಟಾರ್ ಸೈಕಲ್ ಬಂತು. ಆಗ ನಾನು ಮಾನ್ವಿಯ ದನದ ದವಾಖಾನೆಯಲ್ಲಿ ಕಾಂಪೌಂಡರ್, ನನ್ನ ಊರು ದೇವದುರ್ಗ. ಶಕ್ತಿನಗರದ ಕೆಲಸಕ್ಕೆ ಬಂದಿದ್ದ ಎಂಜಿನಿಯರೊಬ್ಬರು ವರ್ಗವಾಗಿ ಹೋಗುವಾಗ ನನಗೆ ಮಾರಿಹೋದ ಗಾಡಿ ಅದು. ಬೀಗದ ಕೈ ಕೊಡುವಾಗ ಅವರ ಮುಖದಲ್ಲಿದ್ದ ಸಂತೋಷ ನೋಡಿಯಾದರೂ ನನಗೆ ಅನುಮಾನ ಬರಬೇಕಿತ್ತು, ಬರಲಿಲ್ಲ.

ಮೊದಲ ತಿಂಗಳಲ್ಲೇ ಒಂದು ದಿನ ಕುರ್ಡಿಯ ಕಡೆ ಹೊರಟಿದ್ದೆ. ಹೆಗಲಿಗೆ ಐಸ್ ತುಂಬಿದ ಫ್ಲಾಸ್ಕು, ಅದರೊಳಗೆ ಕುರಿಗಳಿಗೆ ಹಾಕುವ ಲಸಿಕೆ. ಹೊಲಗಳ ನಡುವೆ ಗಾಡಿ ಎರಡು ಸಲ ಕೆಮ್ಮಿ ನಿಂತೇಬಿಟ್ಟಿತು. ಕಿಕ್ ಹೊಡೆದು ಹೊಡೆದು ಮೊಣಕಾಲು ಸೋತಿತು. ಸೀಟಿನ ಕೆಳಗಿನ ಡಬ್ಬಿಯಲ್ಲಿ ರಿಪೇರಿ ಸಾಮಾನು ಇದೆ ಎಂದು ಎಂಜಿನಿಯರು ಹೇಳಿದ್ದು ನೆನಪಾಗಿ ಡಬ್ಬಿ ತೆರೆದೆ. ಒಳಗೆ ಇದ್ದದ್ದು ಕಡಜದ ಗೂಡು. ನಾನು ಗಾಡಿ ಬಿಟ್ಟು ಹತ್ತಿ ಹೊಲದೊಳಗೆ ಓಡಿದೆ, ಫ್ಲಾಸ್ಕು ಮಾತ್ರ ಬಿಡಲಿಲ್ಲ.

ಅಲ್ಲೇ ಕುರಿ ಮೇಯಿಸುತ್ತಿದ್ದ ಮುದುಕರೊಬ್ಬರು ಕೋಲಿಗೆ ಗದ್ದ ಊರಿ ಇದನ್ನೆಲ್ಲ ನೋಡುತ್ತಿದ್ದರು. ನಾನು ತಿರುಗಿ ಬಂದಾಗ ಗಾಡಿಯನ್ನು ಸುತ್ತು ಹಾಕಿ ಕೇಳಿದರು, "ಕುರಿ ನಿಂತ್ರ ನಾವು ಕಿವಿ ಹಿಡದು ಎಳೀತೀವ್ರಿ ಸಾಹೇಬ್ರ. ಇದರ ಕಿವಿ ಎಲ್ಲಿ ಅದ?"

ಕಿವಿ ಎಲ್ಲಿದೆ ಎಂದು ನನಗೂ ಗೊತ್ತಿರಲಿಲ್ಲ. ಆ ದಿನ ಅವರೂ ನಾನೂ ಸೇರಿ ಗಾಡಿಯನ್ನು ಊರಿನವರೆಗೆ ದೂಡಿದೆವು. ಐಸ್ ನೀರಾಗಿತ್ತು, ಲಸಿಕೆ ಕೆಟ್ಟಿತ್ತು. ನೂರಾರು ಕುರಿಗಳನ್ನು ದಡ್ಡಿಯಲ್ಲಿ ಕೂಡಿಹಾಕಿಕೊಂಡು ಕಾದಿದ್ದ ಜನ ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಕುಡಿಯಲು ಮಜ್ಜಿಗೆ ಕೊಟ್ಟರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮುಂದಿನ ಸಲ ರಾಯಚೂರಿಗೆ ಹೋದವನೇ ತೀನ್ ಕಂದಿಲ್ ಹತ್ತಿರದ ಒಂದು ಗ್ಯಾರೇಜಿಗೆ ನುಗ್ಗಿದೆ. ಅಲ್ಲಿಯ ಉಸ್ತಾದ್ ವಯಸ್ಸಾದ ಮನುಷ್ಯ. ಎಂಜಿನ್ ಸದ್ದನ್ನು ಕಣ್ಣು ಮುಚ್ಚಿಕೊಂಡು ಕೇಳಿ, ನಾಡಿ ನೋಡುವ ಹಕೀಮರ ಹಾಗೆ ತಲೆಯಾಡಿಸುತ್ತಿದ್ದರು. ದಾರಿಯಲ್ಲಿ ಬೇಕಾಗುವ ಎಲ್ಲ ಸಾಮಾನೂ ಒಟ್ಟಿಗೆ ಕೊಡಿಸಿಬಿಡಿ ಎಂದೆ. ಅವರು ಒಪ್ಪಲಿಲ್ಲ.

"ಎಲ್ಲಾ ತಗೊಂಡ್ರ ಯಾವ್ದು ಯಾತಕ್ಕಂತ ನಿಮಗ ಗೊತ್ತಾಗಂಗಿಲ್ರಿ," ಎಂದರು. "ಗಾಡಿ ಎಲ್ಲಿ ನಿಲ್ತದ, ಏನಿದ್ರ ಹೋಗ್ತಿತ್ತು, ಅದನ್ನಷ್ಟ ತಗೋರಿ. ಮುಂದ ಮತ್ತ ನಿಲ್ತದ. ಆವಾಗ ಇನ್ನೊಂದು. ಹಿಂಗ ಕೂಡಿಸಿದ ಸಾಮಾನು ಕೈಯಾಗ ನಿಲ್ತದ."

ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕು ಅನ್ನುತ್ತಿದ್ದಾರಲ್ಲ ಈ ಮನುಷ್ಯ ಎಂದು ಸಿಟ್ಟು ಬಂತು. ಆದರೆ ಅವರು ಅಂದು ಕೈಗಿಟ್ಟದ್ದು ಎರಡೇ ವಸ್ತು, ಪ್ಲಗ್ ತಿರುಗಿಸುವ ಸ್ಪ್ಯಾನರು, ಅಂದರೆ ಒಂದು ಪ್ಲಗ್ ಪಾನಾ, ಮತ್ತು ಒಂದು ಚೂರು ಉಸುಕಿನ ಕಾಗದ. ಪ್ಲಗ್ ಬಿಚ್ಚಿ ಅದರ ತುದಿಯ ಮಸಿಯನ್ನು ಹೇಗೆ ಉಜ್ಜಬೇಕೆಂದು ತೋರಿಸಿ ನನ್ನಿಂದ ನಾಲ್ಕು ಸಲ ಮಾಡಿಸಿದರು. ಕುರ್ಡಿಯ ದಾರಿಯಲ್ಲಿ ಇಷ್ಟೇ ಬೇಕಾಗಿತ್ತು ಎಂದು ತಿಳಿದಾಗ ನಾನು ದಂಗಾಗಿಹೋದೆ. ಕಿರುಬೆರಳಿನ ತುದಿಯಷ್ಟು ಮಸಿಗಾಗಿ ಅಷ್ಟೂ ಲಸಿಕೆ ಹಾಳಾಗಿತ್ತು.

ಆಮೇಲೆ ಗಾಡಿ ಉಸ್ತಾದರ ಮಾತನ್ನು ಚಾಚೂ ತಪ್ಪದೆ ಪಾಲಿಸಿತು. ಮಟಮಾರಿ ಕಡೆ ನೆಂಟರ ಮದುವೆಗೆ ಹೊರಟಾಗ ಚೈನು ಕಳಚಿ ಹಿಂದೆ ಹಾವಿನಂತೆ ಬಿದ್ದಿತ್ತು. ನಾನು ಹಾವೆಂದೇ ತಿಳಿದು ಗಾಡಿಯಿಂದ ಜಿಗಿದೆ. ಸಾಮಾನು ಕಟ್ಟಿಟ್ಟಿದ್ದ ಟವೆಲಿಗೆ ಚೈನಿನ ಲಾಕು, ಅದನ್ನು ಹಿಡಿದು ಕೂಡಿಸುವ ಪಕ್ಕಡ್ ಬಂದವು. ಸಿರವಾರದ ಹತ್ತಿರ ಕ್ಲಚ್ಚಿನ ವೈರು ಹರಿದು ಗಾಡಿ ನಿಲ್ಲಲೊಲ್ಲದೆ ಜೋಳದ ರಾಶಿಗೆ ನುಗ್ಗಿದ ಮೇಲೆ ಹೊಸ ವೈರು ಸುರುಳಿ ಸುತ್ತಿ ಒಳಗೆ ಕುಳಿತಿತು. ಪಂಕ್ಚರಾದ ಮೇಲೆ ಟಯರು ಎಬ್ಬಿಸುವ ಎರಡು ಕಬ್ಬಿಣದ ಪಟ್ಟಿ, ಸೊಲ್ಯೂಷನ್ ಟ್ಯೂಬು, ರಬ್ಬರಿನ ತುಂಡು, ಕೈಪಂಪು. ಒಂದೂವರೆ ವರ್ಷದಲ್ಲಿ ನನ್ನ ಒಂದೊಂದು ಎದೆನಡುಕಕ್ಕೂ ಒಂದೊಂದು ಸಾಮಾನು ಸೇರಿ ಹಳೆಯ ಟವೆಲಿನ ಗಂಟು ಭಾರವಾಯಿತು.

ಆ ಗಂಟನ್ನು ದೇವದುರ್ಗದ ಮನೆಯಲ್ಲಿ ಅಪ್ಪ ನೋಡಿದ.

ನಮ್ಮಪ್ಪ ಚರ್ಮದ ಕೆಲಸದವನು. ಎಪ್ಪತ್ತರ ದಶಕದಲ್ಲಿ ನಾನು ಶಾಲೆಗೆ ಹೋಗುವಾಗ ಸುತ್ತಲಿನ ಹಳ್ಳಿಗಳ ಬಾವಿಗಳಿಗೆ ನೀರೆತ್ತುವ ಚರ್ಮದ ಬಾನಿ ಹೊಲಿದುಕೊಡುತ್ತಿದ್ದ. ಬಾವಿಗಳಿಗೆ ಪಂಪ್‌ಸೆಟ್ಟು ಬಂದು ಬಾನಿ ಕೇಳುವವರಿಲ್ಲದಾದಾಗ ಚಪ್ಪಲಿ, ಬಾರುಕೋಲು, ಎತ್ತಿನ ಮಿಣಿಗಳಿಗೆ ಇಳಿದ. ಅಪ್ಪನ ಹೊಲಿಗೆಗೆ ಒಂದು ಗುರುತಿತ್ತು. ಎರಡೆಳೆ ಜೊತೆಯಾಗಿ ಓಡುತ್ತಿದ್ದವು, ನಾಲ್ಕು ಹೊಲಿಗೆಗೆ ಒಂದು ಸಣ್ಣ ಗಂಟು ಬೀಳುತ್ತಿತ್ತು. ಒಂದು ಕಡೆ ಹರಿದರೂ ಗಂಟಿನ ಆಚೆಗೆ ಬಿಚ್ಚಿಕೊಳ್ಳುತ್ತಿರಲಿಲ್ಲ. ತಾಲೂಕಿನ ಹಳಬರು ಆ ಗಂಟು ನೋಡಿಯೇ ಇದು ಯಾರ ಮನೆಯ ಕೆಲಸ ಎಂದು ಹೇಳುತ್ತಿದ್ದರು.

"ಸಾಮಾನು ಹಿಂಗ ಗಂಟು ಕಟ್ಟಿದ್ರ ಒಂದರ ಮೂತಿ ಒಂದು ತಿಂತದ," ಎಂದು ಅಪ್ಪ ಟವೆಲು ಬಿಚ್ಚಿ ಎಲ್ಲವನ್ನೂ ಅಂಗಳದಲ್ಲಿ ಸಾಲಾಗಿ ಇಟ್ಟ. ಅವನಿಗೆ ಆಗಲೇ ಕಣ್ಣು ಮಂಜಾಗತೊಡಗಿತ್ತು. ಪ್ರತಿ ಪಾನಾವನ್ನೂ ಬೆರಳಿನಿಂದ ಸವರಿ, ಗೇಣು ಹಾಕಿ, ಬಾಯಲ್ಲಿ ಏನೋ ಲೆಕ್ಕ ಹಾಕಿಕೊಂಡ. ಮೂರು ದಿನದಲ್ಲಿ ಸುರುಳಿ ಸುತ್ತುವಂಥ ಒಂದು ಚೀಲ ಹೊಲಿದ. ಒಂದೊಂದು ಸಾಮಾನಿಗೆ ಅದರದೇ ಅಳತೆಯ ಕಿಸೆ. ಪ್ಲಗ್ ಪಾನಾ ಅದರೊಳಗೆ ಹೋದರೆ ತೊಟ್ಟಿಲಲ್ಲಿ ಕೂಸು ಮಲಗಿದ ಹಾಗಿತ್ತು. ನಾನು ನಿಜಕ್ಕೂ ಬೆರಗಾದೆ. ಎಂಜಿನ್ನಿನ ಗಾಡಿಯನ್ನು ಜನ್ಮದಲ್ಲಿ ಮುಟ್ಟದವನಿಗೆ ಯಾವ ಸಾಮಾನು ಮೊದಲು ಕೈಗೆ ಬರಬೇಕು, ಯಾವುದು ಆಮೇಲೆ ಎಂದು ಹೇಗೆ ತಿಳಿಯಿತು ಎಂದು ಕೇಳಿದೆ.

"ಹಿಡಿ ಸವದಿರ್ತದಲ್ಲೋ ತಮ್ಮಾ," ಎಂದ. "ಹೆಚ್ಚು ಸವದದ್ದು ಮುಂದ."

ಚೀಲವನ್ನು ಗಾಡಿಗೆ ಕಟ್ಟಿಕೊಂಡು ಹೆಮ್ಮೆಯಿಂದಲೇ ಮಾನ್ವಿಗೆ ಹೊರಟೆ. ಹೆಮ್ಮೆ ಮಾನ್ವಿ ಮುಟ್ಟುವವರೆಗೆ ಇತ್ತು.

ಮಾನ್ವಿಯಲ್ಲಿ ನಾನಿದ್ದದ್ದು ಒಬ್ಬ ಹಿರಿಯ ಒಕ್ಕಲಿಗರ ಮನೆಯ ಮುಂಭಾಗದ ಕೋಣೆಯಲ್ಲಿ. ಅವರ ಎಮ್ಮೆ ಈಯಲಾರದೆ ಕಷ್ಟಪಡುತ್ತಿದ್ದಾಗ ನಾನು ಹೋಗಿ ಕರು ತೆಗೆದಿದ್ದೆ. ಆ ಖುಷಿಯಲ್ಲಿ, "ಇಲ್ಲೇ ಇರ್ರಿ ಡಾಕ್ಟ್ರ, ಕೋಲಿ ಖಾಲಿ ಅದ," ಎಂದು ಅವರೇ ಕರೆದರು. ನಾನು ಡಾಕ್ಟರಲ್ಲ, ಕಾಂಪೌಂಡರ್ ಎಂದರೂ ಕೇಳಲಿಲ್ಲ. ಒಳ್ಳೆಯ ಮನುಷ್ಯರು. ನನಗೆ ಜ್ವರ ಬಂದಾಗ ಅವರ ಮನೆಯಾಕೆ ಎರಡು ದಿನ ಗಂಜಿ ಕಳಿಸಿದರು. ಬಂದ ಹೊಸತರಲ್ಲಿ ಒಮ್ಮೆ, "ನಿಮ್ಮದು ಯಾರ ಪೈಕಿ?" ಎಂದು ಅವರು ಕೇಳಿದ್ದರು. "ಊರಾಗ ಹೊಲದ ಕೆಲಸ ಅದ ರೀ," ಎಂದಿದ್ದೆ. ಅಪ್ಪ ಸುಗ್ಗಿಯಲ್ಲಿ ಬೇರೆಯವರ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದದ್ದು ನಿಜ, ಹಾಗಾಗಿ ಅದು ಅರ್ಧ ಸುಳ್ಳು. ಉಳಿದರ್ಧವನ್ನು ಅವರೇ ತಮಗೆ ಬೇಕಾದ ಹಾಗೆ ತುಂಬಿಕೊಂಡರು. ನಾನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಆ ಕೋಣೆ ಇರುತ್ತಿರಲಿಲ್ಲ. ಅದಕ್ಕಿಂತ ಮೊದಲು ಎರಡು ಕಡೆ ನಿಜ ಹೇಳಿ ಎರಡು ಬಾಗಿಲು ಹಾಕಿಸಿಕೊಂಡಿದ್ದೆ.

ಆ ಸಂಜೆ ಅವರು ಗಾಡಿಯ ಹತ್ತಿರ ಬಂದು ಚೀಲವನ್ನು ಕೈಗೆತ್ತಿಕೊಂಡರು. ತಿರುವಿ ನೋಡಿ ಹೆಬ್ಬೆರಳಿನಿಂದ ಗಂಟುಗಳನ್ನು ಸವರಿದರು.

"ಗಟ್ಟಿ ಹೊಲಿಗಿ ರೀ. ನಮ್ಮ ಬಾವಿ ಬಾನಿಗಿ ಇಂಥದ್ದೇ ಇತ್ತು. ದೇವದುರ್ಗದ ಕೈ ಇದ್ದಂಗ ಅದ. ಯಾರ ಹತ್ರ ಹೊಲಿಸಿದ್ರಿ?"

"ಸಂತ್ಯಾಗ ತಗೊಂಡೆ ರೀ."

ಎಷ್ಟು ಬೇಗ ಬಂತು ಆ ಮಾತು! ತಡವರಿಸಲಿಲ್ಲ, ಬೆವರಲಿಲ್ಲ, ಮಾತು ನಾಲಗೆಯ ತುದಿಯಲ್ಲೇ ತಯಾರಿ ಇದ್ದ ಹಾಗೆ ಬಂತು. ಅವರು ಸರಿ ಎಂದು ಒಳಗೆ ಹೋದರು. ನಾನು ಗಾಡಿಯ ಪಕ್ಕದಲ್ಲೇ ಗರಬಡಿದವನಂತೆ ನಿಂತೆ. ಹಗ್ಗಕ್ಕೂ ಹೆದರುವ ನಾನು ಇಷ್ಟು ದೊಡ್ಡ ಸುಳ್ಳಿಗೆ ಹೆದರಲಿಲ್ಲವಲ್ಲ ಎಂದು ನನಗೇ ಅಚ್ಚರಿ.

ಮರುದಿನವೇ ಮಾನ್ವಿಯ ಅಂಗಡಿಯಿಂದ ಒಂದು ದಪ್ಪ ಬಟ್ಟೆಯ ಚೀಲ ತಂದೆ. ಸಾಮಾನು ಅದಕ್ಕೆ ಹೋದವು. ಅಪ್ಪನ ಚೀಲ ಟ್ರಂಕಿನ ತಳಕ್ಕೆ ಹೋಯಿತು.

ಮುಂದಿನದು ಹೇಳಲು ಇವತ್ತಿಗೂ ಮುಖ ಬಿಸಿಯಾಗುತ್ತದೆ. ದೇವದುರ್ಗಕ್ಕೆ ಹೋಗುವಾಗಲೆಲ್ಲ ಚರ್ಮದ ಚೀಲವನ್ನು ಖಾಲಿ ಸುತ್ತಿ ಜೊತೆಗೆ ಒಯ್ಯುತ್ತಿದ್ದೆ. ಊರು ಇನ್ನೊಂದು ಮೈಲಿ ಇರುವಾಗ ಒಂದು ಬೇವಿನ ಗಿಡ. ಅದರ ಕೆಳಗೆ ಗಾಡಿ ನಿಲ್ಲಿಸಿ, ಯಾರೂ ಇಲ್ಲವೆಂದು ನೋಡಿಕೊಂಡು, ಬಟ್ಟೆ ಚೀಲದ ಸಾಮಾನನ್ನು ಒಂದೊಂದಾಗಿ ಅಪ್ಪನ ಕಿಸೆಗಳಿಗೆ ತುಂಬುತ್ತಿದ್ದೆ. ಬಟ್ಟೆ ಚೀಲ ಮಡಚಿ ಅಂಗಿಯೊಳಗೆ. ತಿರುಗಿ ಬರುವಾಗ ಅದೇ ಗಿಡದ ಕೆಳಗೆ ಉಲ್ಟಾ ಕೆಲಸ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರೆ. ಒಂದು ಸಲ ಗಿಡದ ಮೇಲೆ ಕೂತಿದ್ದ ಕಾಗೆ ಕೂಗಿದ್ದಕ್ಕೆ ಪಕ್ಕಡ್ ಕಾಲ ಮೇಲೆ ಬೀಳಿಸಿಕೊಂಡೆ. ಅಪ್ಪನಿಗೆ ಮಾತ್ರ ಗೊತ್ತಾಗಬಾರದಿತ್ತು. ಅವನು ಪ್ರತಿ ಸಲ ಗಾಡಿಯ ಹತ್ತಿರ ಬಂದು ಚೀಲ ಕಟ್ಟಿದೆಯೇ ಎಂದು ಕೈಯಿಂದ ತಟ್ಟಿ ನೋಡುತ್ತಿದ್ದ. ಎರಡು ವರ್ಷ ಹೀಗೇ ನಡೆಯಿತು.

ಅಷ್ಟರಲ್ಲಿ ಅಪ್ಪನ ಕಣ್ಣು ತೀರ ಮಂದವಾಯಿತು. ದಬ್ಬಣದ ಕಣ್ಣಿಗೆ ದಾರ ಪೋಣಿಸಲು ಅವ್ವನನ್ನು ಕೂಗಬೇಕಾಯಿತು. ರಾಯಚೂರಿನ ದೊಡ್ಡ ದವಾಖಾನೆಗೆ ತೋರಿಸೋಣ ಎಂದು ನಾನು ರಜೆ ಹಾಕಿ ಬಂದೆ. ಬೇವಿನ ಗಿಡದ ಕೆಳಗಿನ ಪೂಜೆ ಮುಗಿಸಿಯೇ ಊರು ಹೊಕ್ಕೆ. ಮರುದಿನ ಬೆಳಿಗ್ಗೆ ಅಪ್ಪ ಬಿಳಿ ಅಂಗಿ ಹಾಕಿ, ತನ್ನ ಸಣ್ಣ ಸಂಚಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಹಿಂದೆ ಕೂತ. ಸಂಚಿಯಲ್ಲಿ ಚರ್ಮ ಕತ್ತರಿಸುವ ರಂಪಿಗೆ, ದಬ್ಬಣ, ಮೇಣ ತಿಕ್ಕಿದ ದಾರ. ಅವಿಲ್ಲದೆ ಅವನು ಮದುವೆಗೂ ಹೋಗುತ್ತಿರಲಿಲ್ಲ.

ಗಬ್ಬೂರು ದಾಟಿದ ಮೇಲೆ ಹಿಂದಿನ ಗಾಲಿ ಪಂಕ್ಚರ್. ಈ ಸಲ ನಾನು ಹೌಹಾರಲಿಲ್ಲ, ಬದಲಿಗೆ ಅಪ್ಪನ ಮುಂದೆ ನನ್ನ ವಿದ್ಯೆ ತೋರಿಸುವ ಹುಮ್ಮಸ್ಸು ಬಂತು. ಅಪ್ಪ ಒಂದು ಕಲ್ಲಿನ ಮೇಲೆ ಕೂತು, "ಚೀಲ ನನ್ನ ಕಡಿ ಕೊಡು, ನೀ ಕೇಳಿದ್ದು ಕೊಡ್ತೀನಿ," ಎಂದ. ಸುರುಳಿಯನ್ನು ತೊಡೆಯ ಮೇಲೆ ಬಿಚ್ಚಿಕೊಂಡ. ನಾನು ಗಾಲಿ ಕಳಚುತ್ತ ಪಾನಾ ಕೇಳಿದೆ, ಬಂತು. ಕಬ್ಬಿಣದ ಪಟ್ಟಿ ಕೇಳಿದೆ, ಬಂತು. ಇನ್ನೊಂದು ಪಟ್ಟಿ ಕೇಳಿದೆ, ಬರಲಿಲ್ಲ.

ತಿರುಗಿ ನೋಡಿದೆ. ಅಪ್ಪ ಪ್ಲಗ್ ಪಾನಾವನ್ನು ಹೊರಗಿಟ್ಟು ಅದರ ಕಿಸೆಯೊಳಗೆ ಎರಡು ಬೆರಳು ಹಾಕಿ ನಿಧಾನವಾಗಿ ಆಡಿಸುತ್ತಿದ್ದ. ಆಮೇಲೆ ಪಕ್ಕದ ಕಿಸೆ. ಆಮೇಲೆ ಅದರ ಪಕ್ಕದ್ದು. ಚೀಲವನ್ನು ಮೂಗಿನ ಹತ್ತಿರ ತಂದು ವಾಸನೆ ನೋಡಿದ.

"ಇದನ್ನ ಹೊಲದು ಎಷ್ಟ ದಿನ ಆತು ತಮ್ಮಾ?"

"ಎರಡು ವರ್ಷ ಆತು ಯಪ್ಪಾ."

"ಹೂಂ," ಎಂದ. ಹೆಬ್ಬೆರಳಿನಿಂದ ಕಿಸೆಯ ಅಂಚನ್ನು ಮಡಚಿ ನೋಡಿ, "ಎರಡು ವರ್ಷ ಪಾನಾ ಹೊತ್ತ ಚರ್ಮ ಪಾನಾದಂಗ ಆಗ್ತದ. ಎಣ್ಣಿ ಕುಡದು ಕರ್ರಗ ಆಗ್ತದ, ಮೆತ್ತಗ ಆಗ್ತದ. ಇದಿನ್ನ ನಾ ಕೊಟ್ಟಾಗ ಹೆಂಗಿತ್ತೋ ಹಂಗ ಬಿರುಸ ಅದ."

ನನ್ನ ಕೈಯಲ್ಲಿದ್ದ ಪಟ್ಟಿ ಟಯರಿನೊಳಗೇ ನಿಂತಿತು. ಕಣ್ಣು ಕಾಣದವನೆಂದು ನಾನು ತಿಳಿದಿದ್ದವನು ಎರಡು ವರ್ಷದ ನನ್ನ ಕಳ್ಳತನವನ್ನು ಎರಡು ಬೆರಳಿನಲ್ಲಿ ಓದಿಬಿಟ್ಟಿದ್ದ. ಬೈಯುತ್ತಾನೆ ಎಂದುಕೊಂಡೆ. ಯಾಕೆ ಎಂದು ಕೇಳುತ್ತಾನೆ ಎಂದುಕೊಂಡೆ. ಉತ್ತರವಾಗಿ ಹೇಳಬೇಕಾದ ಇನ್ನೊಂದು ಸುಳ್ಳು ಆಗಲೇ ನನ್ನ ಬಾಯಿಗೆ ಬರುತ್ತಿತ್ತು.

"ಬಟ್ಟಿ ಚೀಲ ಹಗುರ ಇರ್ತದ ಬಿಡು," ಎಂದ ಅಪ್ಪ. "ಗಾಡಿಗಿ ಅದೇ ಚಲೋ." ಮತ್ತು ಎರಡನೆಯ ಪಟ್ಟಿಯನ್ನು ಚಾಚಿದ.

ನನ್ನ ಪರವಾಗಿ ಸುಳ್ಳನ್ನೂ ಅವನೇ ಹುಡುಕಿಕೊಟ್ಟಿದ್ದ. ಬಟ್ಟೆ ಚೀಲದ ಮಾತು ಅವನಿಗೆ ಯಾರು ಹೇಳಿದರೋ ಎಂದು ಯೋಚಿಸುವಾಗ ಬೆಳಿಗ್ಗೆ ಅದನ್ನು ಮತ್ತೆ ತುರುಕಿಕೊಂಡಿದ್ದ ನನ್ನ ಅಂಗಿಯ ಉಬ್ಬಿನ ಕಡೆ ಕೈ ಹೋಯಿತು. ದಾರಿಯುದ್ದಕ್ಕೂ ಅವನು ಆ ಉಬ್ಬನ್ನೇ ಹಿಡಿದು ಕೂತಿದ್ದ. ಪಂಕ್ಚರ್ ಹಾಕಿದ್ದು ಹೇಗೆ, ಗಾಳಿ ತುಂಬಿದ್ದು ಹೇಗೆ ನನಗೆ ನೆನಪಿಲ್ಲ.

ದವಾಖಾನೆಯಲ್ಲಿ ಪೊರೆ ಬಂದಿದೆ, ತೆಗೆಯಬಹುದು ಎಂದರು. ಮೂರು ದಿನ ಔಷಧದ ಹನಿ ಹಾಕಿ ನಾಲ್ಕನೆಯ ದಿನ ಕರೆತರಬೇಕು. ಹೊರಗೆ ಬಂದು ಬೇವಿನ ನೆರಳಲ್ಲಿ ನಿಂತಾಗ ಅಪ್ಪ, "ನನ್ನ ದೇವದುರ್ಗದ ಬಸ್ಸಿಗಿ ಹತ್ತಸು. ನಾ ಹೋಗಿ ಮತ್ತ ಬರ್ತೀನಿ," ಎಂದ.

"ಬ್ಯಾಡ. ನನ್ನ ರೂಮಿಗಿ ಬಾ. ಮೂರು ದಿನ ನಾನೇ ಹನಿ ಹಾಕ್ತೀನಿ."

ಅಪ್ಪ ತಲೆಯೆತ್ತಿದ. ನಾನು ಮಾನ್ವಿಗೆ ಹೋಗಿ ನಾಲ್ಕು ವರ್ಷವಾಗಿತ್ತು, ಒಂದು ದಿನವೂ ಅವನನ್ನು ಅಲ್ಲಿಗೆ ಕರೆದಿರಲಿಲ್ಲ. ಅವನೂ ಬರುತ್ತೇನೆ ಎಂದಿರಲಿಲ್ಲ.

"ಮನಿ ಮಂದಿ ಏನಾರ ಅಂತಾರು," ಎಂದ.

"ಅಂದ್ರ ಅನ್ಲಿ ಯಪ್ಪಾ."

ಹೇಳಿದ್ದು ಧೈರ್ಯವಾಗಿಯೇ. ಮಾನ್ವಿಯ ದಾರಿಯುದ್ದಕ್ಕೂ ಒಂದೇ ಮಾತನ್ನು ಬಾಯಿಪಾಠ ಮಾಡಿದೆ. ಇವರು ನಮ್ಮಪ್ಪ. ಇವರು ನಮ್ಮಪ್ಪ ರೀ. ದವಾಖಾನೆಗೆ ತೋರಿಸಾಕ ಬಂದಾರ. ಕೋಣೆ ಹೋದರೆ ಹೋಗಲಿ ಎಂದು ಹಲ್ಲು ಕಚ್ಚಿದೆ. ಆದರೂ ಊರು ಹತ್ತಿರವಾದಂತೆ ಗಾಡಿ ಎಲ್ಲಾದರೂ ಕೆಟ್ಟು ನಿಲ್ಲಬಾರದೇ ಎಂಬ ಆಸೆ ಹುಟ್ಟಿತು. ಬೇಡವಾದಾಗಲೆಲ್ಲ ನಿಲ್ಲುವ ಆ ದರಿದ್ರ ಗಾಡಿ ಅಂದು ಒಂದು ಸಲವೂ ಕೆಮ್ಮಲಿಲ್ಲ.

ಮನೆಯ ಮಾಲೀಕರು ಕಟ್ಟೆಯ ಮೇಲೆ ಕೂತಿದ್ದರು. ಹೊತ್ತು ಇನ್ನೂ ಮೇಲಿತ್ತು. ಗಾಡಿ ನಿಂತಿತು, ಅಪ್ಪ ಇಳಿದ, ನಾನು ಇಳಿದೆ.

"ಬರ್ರಿ ಡಾಕ್ಟ್ರ. ಯಾರ್ರೀ ಇವರು?"

ನಾನು ಬಾಯಿ ತೆರೆದೆ. ಇಡೀ ದಾರಿ ಪಾಠ ಮಾಡಿದ ಮಾತು ಹೊರಡಲಿಲ್ಲ. ಎಷ್ಟು ಹೊತ್ತು? ಒಂದು ಉಸಿರು ತೆಗೆಯುವಷ್ಟು, ಹೆಚ್ಚಿಲ್ಲ. ಅಷ್ಟರಲ್ಲಿ ನನ್ನ ಪಕ್ಕದಿಂದ ಅಪ್ಪನ ದನಿ ಬಂತು.

"ಚಪ್ಲಿ ಹೊಲಿಯಾಂವ್ರಿ ಧಣಿ. ಸಾಹೇಬ್ರ ಗಾಡಿ ಚೀಲ ಹರದಿತ್ತು, ಹೊಲದು ಕೊಡು ಅಂತ ಕರಕೊಂಡು ಬಂದಾರ."

ನಾನು ಅವನ ಕಡೆ ತಿರುಗಿದೆ. ಅವನು ನನ್ನ ಕಡೆ ನೋಡಲಿಲ್ಲ. ಆಗಲೇ ಎರಡು ಹೆಜ್ಜೆ ಹಿಂದೆ ಸರಿದು ಕಟ್ಟೆಯ ಕೆಳಗೆ, ಎಲ್ಲಿ ಕೂರಬೇಕೋ ಅಲ್ಲಿ ಕೂತಿದ್ದ. ಸೊಂಟದ ಸಂಚಿ ಬಿಚ್ಚುತ್ತಿದ್ದ. ಮಾಲೀಕರು ಒಳ್ಳೆಯದೇ ಆಯಿತೆಂದು ತಮ್ಮ ಚಪ್ಪಲಿಯನ್ನು ಕಾಲಿನಿಂದಲೇ ಅವನ ಮುಂದಕ್ಕೆ ಸರಿಸಿದರು.

"ಇದರ ಉಂಗುಟ ಕಿತ್ತದ. ಹೊಲದ ಕೊಡು ಹಂಗಾರ."

ಈಗ ಹೇಳಬಹುದಿತ್ತು. ಹೇಳದೆ ನಾನು ಕೋಣೆಯ ಬೀಗ ತೆಗೆದು ಒಳಗೆ ಹೋದೆ. ಟ್ರಂಕು ತೆರೆದೆ, ಯಾಕೆ ಎಂದು ಗೊತ್ತಿಲ್ಲ. ಅಂಗಿಗಳನ್ನು ತೆಗೆದು ಮತ್ತೆ ಇಟ್ಟೆ. ಬಾಗಿಲ ಸಂದಿಯಿಂದ ಅಪ್ಪನ ಬೆನ್ನು ಕಾಣುತ್ತಿತ್ತು. ದಾರ ಪೋಣಿಸಲು ದಬ್ಬಣವನ್ನು ಬೆಳಕಿಗೆ ಹಿಡಿದ, ಆಗಲಿಲ್ಲ. ನಾಲಗೆಗೆ ದಾರ ತಾಗಿಸಿ ಮತ್ತೆ ಹಿಡಿದ, ಆಗಲಿಲ್ಲ. ಊರಲ್ಲಾದರೆ ಅವ್ವ ಇರುತ್ತಿದ್ದಳು. ನಾನು ಹತ್ತು ಹೆಜ್ಜೆ ದೂರದಲ್ಲಿ ನಿಂತು ನೋಡಿದೆ. ಐದಾರು ಸಲ ತಪ್ಪಿದ ಮೇಲೆ ಬೆರಳಿನಿಂದ ತಡಕಿ ಹೇಗೋ ಪೋಣಿಸಿದ. ಅಪ್ಪನ ಮಗ ಎನ್ನಿಸಿಕೊಳ್ಳಲು ಹೆದರಿ ಬಾಗಿಲ ಹಿಂದೆ ನಿಂತವನು ನಾನೇ ಎಂಬುದನ್ನು ನನಗೆ ನಂಬಲಾಗಲಿಲ್ಲ.

ಮನೆಯಾಕೆ ನೀರು ತಂದರು. ಅಪ್ಪ ಬೊಗಸೆ ಒಡ್ಡಿದ, ಅವರು ಎತ್ತರದಿಂದ ಸುರಿದರು. ನನಗೆ ಜ್ವರದಲ್ಲಿ ಗಂಜಿ ಕೊಟ್ಟ ಕೈ ಅದು. ಅಪ್ಪ ಬಾಯಿ ಒರೆಸಿಕೊಂಡು ಮತ್ತೆ ಹೊಲಿಯತೊಡಗಿದ. ಮಾಲೀಕರು ಹೊತ್ತು ಕಳೆಯಲು ಮಾತಿಗೆ ಕೂತರು.

"ನಮ್ಮ ಸಾಹೇಬ್ರು ಭಾಳ ಒಳ್ಳೆಯವರು. ಈ ಕಾಲದಾಗ ಇಂಥಾ ಹುಡುಗರು ಸಿಗಂಗಿಲ್ಲ. ಹಡದವರು ಪುಣ್ಯ ಮಾಡ್ಯಾರ."

ಅಪ್ಪ ದಾರವನ್ನು ಹಲ್ಲಿನಿಂದ ಬಿಗಿದ.

"ಹೌದ್ರಿ ಧಣಿ," ಎಂದ. "ಅವರಪ್ಪ ಭಾಳ ಪುಣ್ಯ ಮಾಡಿರಬೇಕ್ರಿ."

ಆಮೇಲೆ ನಾನು ಬಾಗಿಲು ಹೇಗೆ ದಾಟಿದೆನೋ ತಿಳಿಯದು. ಕಟ್ಟೆಯ ಕೆಳಗೆ ಅಪ್ಪನ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದೆ.

"ಇವರು ನಮ್ಮಪ್ಪ ರೀ," ಎಂದೆ. ದನಿ ಬೇರೆ ಯಾರದೋ ಆಗಿತ್ತು. "ನನ್ನ ಹಡದ ಅಪ್ಪ. ಸಂತ್ಯಾಗ ತಗೊಂಡೆ ಅಂದಿದ್ದೆನಲ್ಲ, ಆ ಚೀಲ ಹೊಲದವರು ಇವರು."

ಮಾಲೀಕರು ನಕ್ಕರು. ಚೇಷ್ಟೆ ಮಾಡುತ್ತಿದ್ದೇನೆ ಎಂದುಕೊಂಡರು. ನನ್ನ ಮುಖ ನೋಡಿದರು, ಅಪ್ಪನ ಮುಖ ನೋಡಿದರು. ಒಂದೇ ಮೂಗು, ಒಂದೇ ಹಣೆ. ಅವರ ನಗು ಹೋದ ಬಗೆ ನಾನು ಮರೆಯಲಾರೆ. ಅವರಿಗೆ ಸಿಟ್ಟು ಬರಲಿಲ್ಲ, ಅದೇ ನನಗೆ ಆಘಾತ. ಯಾರೋ ತಮ್ಮ ಮನೆ ಕೊಳ್ಳೆ ಹೊಡೆದರು ಎಂಬಂತೆ ಬೆಪ್ಪಾಗಿ ನಿಂತರು. ಒಳಗಿನಿಂದ ಮನೆಯಾಕೆಯ ಕೈಯಲ್ಲಿದ್ದ ತಂಬಿಗೆ ನೆಲಕ್ಕೆ ಬಿದ್ದ ಸದ್ದು ಬಂತು. ಮಾಲೀಕರು ಬಗ್ಗಿ ಅಪ್ಪನ ಕೈಯಿಂದ ತಮ್ಮ ಚಪ್ಪಲಿಯನ್ನು ದಬ್ಬಣದ ಸಮೇತ ಎಳೆದುಕೊಂಡರು. ದಬ್ಬಣ ಕಿತ್ತು ಕೆಳಗೆ ಹಾಕಿದರು.

"ನಿನ್ನ ಸಾಮಾನು ತಗೊಂಡು ಹೋಗು," ಎಂದರು ನನಗೆ. ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದರು. ಎಮ್ಮೆ ಮಾತ್ರ ನನ್ನನ್ನು ಕಂಡು ಎಂದಿನಂತೆ ಒಂದು ಸಲ ಕೂಗಿತು.

ನನ್ನ ಸಾಮಾನು ಎಷ್ಟಿತ್ತು? ಒಂದು ಟ್ರಂಕು, ಒಂದು ಹಾಸಿಗೆ, ಒಂದು ಸ್ಟವ್. ಗಾಡಿಯ ಹಿಂದೆ ಟ್ರಂಕು ಕಟ್ಟಿ, ಹಾಸಿಗೆಯ ಸುರುಳಿಯನ್ನು ಅಪ್ಪನ ತೊಡೆಗೆ ಕೊಟ್ಟು ಹೊರಟಾಗ ಹೊತ್ತು ಮುಳುಗಿರಲಿಲ್ಲ. ಓಣಿಯ ಜನ ಬಾಗಿಲಲ್ಲಿ ನಿಂತಿದ್ದರು. ಸುದ್ದಿ ನಮಗಿಂತ ಮೊದಲು ಓಣಿ ದಾಟಿತ್ತು. ರಾಯಚೂರಿನ ಉಸ್ತಾದರ ಗ್ಯಾರೇಜಿನ ಹಿಂದೆ ಒಂದು ಖಾಲಿ ಕೋಣೆ ಇತ್ತು, ಅಲ್ಲಿಗೆ ಹೋಗುವುದು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ.

ಊರು ಬಿಟ್ಟು ಒಂದೆರಡು ಮೈಲಿ ಹೋದ ಮೇಲೆ ನನಗೆ ಸಣ್ಣ ಹೆಮ್ಮೆ ಬರತೊಡಗಿತ್ತು. ಕೊನೆಗೂ ಹೇಳಿದೆನಲ್ಲ ಎಂದು. ಅಪ್ಪ ಬೆನ್ನು ತಟ್ಟುತ್ತಾನೆ, ಇಲ್ಲವೇ ಅಳುತ್ತಾನೆ ಎಂದುಕೊಂಡೆ. ಅವನು ಹಾಸಿಗೆಯ ಸುರುಳಿಯ ಮೇಲಿಂದ ಮುಂದಕ್ಕೆ ಬಾಗಿ ನನ್ನ ಕಿವಿಯ ಹತ್ತಿರ ಬಾಯಿ ತಂದ. ದನಿಯಲ್ಲಿ ನಿಜವಾದ ಬೇಸರವಿತ್ತು.

"ಇನ್ನ ಎರಡ ಹೊಲಿಗಿ ಉಳದಿದ್ವಲ್ಲೋ ತಮ್ಮಾ. ಅಷ್ಟು ಆದ ಮ್ಯಾಲೆ ಹೇಳಬಾರ್ದಿತ್ತೇನು? ಆ ಮನಷ್ಯಾ ನಾಳಿ ಹೊಲಕ್ಕ ಹೆಂಗ ನಡೀತಾನ?"